ಟ್ರೇಲರ್ ಕಟ್ಟಿಕೊಂಡು ಡಾಲಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ: ನಾವಿಬ್ಬರು, 31 ದಿನ, ಇಬ್ಬರು ಗೆಳೆಯರ ಮನೆ

ಸಾಗರದವಳು

ಎಲ್ಲರಿಗೂ ನಮಸ್ಕಾರ. ಹೋದ ಅಕ್ಟೋಬರಿನಲ್ಲಿ ನಾನು ಮತ್ತು ನಮ್ಮವರು ಟ್ರೇಲರ್ ಎಳೆದುಕೊಂಡು ಡಾಲಸ್‌ನಿಂದ ಹೊರಟು ನ್ಯೂ ಮೆಕ್ಸಿಕೊ, ಅರಿಜೋನಾ, ಯೂಟಾ ಸುತ್ತಿ ಬಂದೆವು. ಒಟ್ಟು 31 ದಿನ. ಟ್ರೇಲರ್ ಕಟ್ಟಿಕೊಂಡು ಓಡಿಸಿದ್ದು ಸುಮಾರು 2,700 ಮೈಲಿ. "ನಾವೂ ಒಂದು ತಗೋಬೇಕು ಅಂತಿದ್ದೇವೆ, ಹೇಗಿರುತ್ತೆ ಹೇಳಿ" ಅಂತ ಇಲ್ಲಿ ಕೆಲವರು ಕೇಳಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಇದೆ, ಬಿಡುವಾದಾಗ ಓದಿ.

ನಮ್ಮವರಿಗೆ 63, ನನಗೆ 59. ಅವರು ನಿವೃತ್ತರಾದ ಮೇಲೆ ಹಳೆಯ ಟ್ರೇಲರ್ ಒಂದನ್ನು ಕೊಂಡೆವು. 25 ಅಡಿ ಉದ್ದ, ಎರಡು ಆಕ್ಸಲ್, ಅಂದರೆ ಒಂದೊಂದು ಬದಿಗೆ ಎರಡೆರಡು ಚಕ್ರ. ಒಳಗೆ ಒಂದು ಮಂಚ, ಊಟದ ಮೇಜು, ಒಲೆ, ಫ್ರಿಜ್, ಪುಟ್ಟ ಬಚ್ಚಲು. ಎಳೆಯುವುದು ನಮ್ಮ ಪಿಕಪ್ ಟ್ರಕ್ಕು. ಇದು ಮೋಟರ್‌ಹೋಮ್ ಅಲ್ಲ, ಇದಕ್ಕೆ ಎಂಜಿನ್ ಇಲ್ಲ. ಕ್ಯಾಂಪಿನಲ್ಲಿ ಬಿಚ್ಚಿ ನಿಲ್ಲಿಸಿದರೆ ಮನೆ ಅಲ್ಲೇ ಇರುತ್ತೆ, ಟ್ರಕ್ಕು ತಗೊಂಡು ಊರು ಸುತ್ತಬಹುದು. ನಮಗೆ ಇಷ್ಟವಾಗಿದ್ದು ಅದೇ.

ಮೊದಲ ದಿನ ಡಾಲಸ್‌ನಿಂದ ಅಮರಿಲ್ಲೊ, 360 ಮೈಲಿ. ಅಲ್ಲೇ ತಪ್ಪು ಮಾಡಿದ್ದು. ಕಾರಿನಲ್ಲಿ ಐದೂವರೆ ಗಂಟೆಯ ದಾರಿ, ನಮಗೆ ಎಂಟೂವರೆ ಗಂಟೆ ಹಿಡಿಯಿತು. 62 ಮೈಲಿ ವೇಗವನ್ನು ನಾವು ದಾಟಲಿಲ್ಲ. ಎದುರುಗಾಳಿ ಬೇರೆ. ಪಾಲೋ ಡ್ಯುರೊ ಕ್ಯಾನ್ಯನ್ ಪಾರ್ಕಿನ ಗೇಟಿಗೆ ಬಂದಾಗ ಹೊತ್ತು ಮುಳುಗಿತ್ತು. ಕ್ಯಾಂಪ್ ಇರುವುದು ಕಣಿವೆಯ ತಳದಲ್ಲಿ. ಇಳಿಯುವ ರಸ್ತೆ 10% ಇಳಿಜಾರು. ಕತ್ತಲೆ, ಗೊತ್ತಿಲ್ಲದ ತಿರುವು, ಬೆನ್ನ ಹಿಂದೆ ಹತ್ತಿರ ಹತ್ತಿರ 3 ಟನ್ ತೂಕ ತಳ್ಳುತ್ತಿದೆ. ನಾನು ಬಾಗಿಲ ಹಿಡಿ ಹಿಡಿದುಕೊಂಡು ಮಾತೇ ಆಡಲಿಲ್ಲ.

ನಮ್ಮವರು ಕೆಳಗಿನ ಗೇರಿಗೆ ಹಾಕಿ, ಬ್ರೇಕನ್ನು ಒಮ್ಮೆ ಒತ್ತಿ ವೇಗ ತಗ್ಗಿಸಿ ಬಿಡುತ್ತಾ, ಮತ್ತೆ ಒತ್ತಿ ಬಿಡುತ್ತಾ ಇಳಿಸಿದರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಹೋಗುತ್ತದೆ. ನಮ್ಮ ಕಡೆ ಆಗುಂಬೆ ಘಾಟಿಯಲ್ಲಿ ಬಸ್ಸಿನವರು ಮಾಡುವುದೂ ಇದನ್ನೇ ಅಲ್ವಾ, ಹತ್ತುವ ಗೇರಿನಲ್ಲೇ ಇಳಿಯುವುದು. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಸುತ್ತ ಕೆಂಪು, ಬಿಳಿ, ಹಳದಿ ಪಟ್ಟೆಯ ಗೋಡೆಗಳು. ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತೆವು. ಅಲ್ಲೇ ಒಂದು ಲೆಕ್ಕ ಹಾಕಿಕೊಂಡೆವು. ದಿನಕ್ಕೆ 250 ಮೈಲಿಗಿಂತ ಜಾಸ್ತಿ ಇಲ್ಲ. ಮಧ್ಯಾಹ್ನ ಮೂರರೊಳಗೆ ಕ್ಯಾಂಪ್ ಸೇರಬೇಕು. ಮನೆಗೆ ಮರಳುವ ಕೊನೆಯ ದಿನಗಳಲ್ಲೂ ಅದನ್ನು ಮುರಿಯಲಿಲ್ಲ.

ಮುಂದಿನದು ಸಂಜೆ ಬರೆಯುತ್ತೇನೆ.

ಬೆಣ್ಣೆದೋಸೆ

ಅಕ್ಕಾ, ಓದಿ ನನಗೇ ಕೈ ಬೆವರಿತು. ಒಂದು ಪ್ರಶ್ನೆ. ನಮ್ಮ ಹತ್ತಿರ ಎಸ್‌ಯುವಿ ಇದೆ. 7,000 ಪೌಂಡ್ ಎಳೆಯುತ್ತದೆ ಅಂತ ಪುಸ್ತಕದಲ್ಲಿದೆ. ನೋಡಿರುವ ಟ್ರೇಲರ್ ಖಾಲಿ ತೂಕ 5,200. ಆರಾಮಾಗಿ ಸಾಕಾಗುತ್ತೆ ಅಂತ ಮಾರುವವರು ಹೇಳಿದರು. ನಿಜಾನಾ?

ಸಾಗರದವಳು

ತಮ್ಮಾ, ದಯವಿಟ್ಟು ಆ ಒಂದು ಅಂಕಿ ನೋಡಿ ಕೊಳ್ಳಬೇಡ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿದೆ. ಅದೇ ಪೇಲೋಡ್. ಟ್ರೇಲರಿನ ಮೂತಿ ನಿನ್ನ ಗಾಡಿಯ ಹಿಂಭಾಗದ ಮೇಲೆ ಕೂರುತ್ತದೆ. ಆ ಭಾರವೂ ಈ ಪೇಲೋಡಿಗೇ ಸೇರುತ್ತದೆ.

ನಮ್ಮ ಲೆಕ್ಕ ನೋಡು. ನಮ್ಮದೂ ಖಾಲಿ ತೂಕ 5,200. ಪಾತ್ರೆ, ಬಟ್ಟೆ, ಅಕ್ಕಿ, ಬೇಳೆ, ಬ್ಯಾಟರಿ, ಪ್ರೊಪೇನ್ ಎಲ್ಲಾ ತುಂಬಿ ಟ್ರಕ್ ಸ್ಟಾಪಿನ ತೂಕದ ಕಟ್ಟೆಯ ಮೇಲೆ ನಿಲ್ಲಿಸಿದಾಗ 6,400 ಬಂತು. ಮೂತಿಯ ಭಾರ ಒಟ್ಟು ತೂಕದ 10ರಿಂದ 15% ಇರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ನಮ್ಮದು 800 ಪೌಂಡ್. ಹಿಚ್ಚಿನ, ಅಂದರೆ ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸುವ ಕೊಂಡಿಯ, ಕಬ್ಬಿಣ 100. ನಾವಿಬ್ಬರು 310. ಟ್ರಕ್ಕಿನ ಹಿಂದೆ ಇಟ್ಟ ಸಾಮಾನು 250. ಒಟ್ಟು 1,460. ನಮ್ಮ ಚೀಟಿಯಲ್ಲಿ 1,600 ಇದೆ. ಇನ್ನೂ 140 ಮಾತ್ರ ಬಾಕಿ. ಎಳೆಯುವ ಶಕ್ತಿ ಎಷ್ಟೇ ಇದ್ದರೂ ಪೇಲೋಡ್ ಮೊದಲು ಮುಗಿದುಹೋಗುತ್ತದೆ. ನಿನಗೆ ಇಬ್ಬರು ಮಕ್ಕಳು ಬೇರೆ ಇದ್ದಾರೆ ಅಂತ ಹಿಂದೆ ನೀನೇ ಹೇಳಿದ್ದೆ, ಅವರ ತೂಕವೂ ಸೇರುತ್ತದೆ.

ನೀರಿನ ತೂಕವನ್ನೂ ಮರೆಯಬೇಡ. ಒಂದು ಗ್ಯಾಲನ್ 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ಪೌಂಡ್ ಮೇಲಾಯಿತು. ನಲ್ಲಿ ಇರುವ ಕ್ಯಾಂಪಿಗೆ ಹೋಗುವಾಗ ನಾವು ಟ್ಯಾಂಕ್ ತುಂಬಿಸುವುದೇ ಇಲ್ಲ. ದಾರಿಗೆ ಬೇಕಾದಷ್ಟು ಮಾತ್ರ.

ತುಂಗೆಯ ತೀರ

ಸಾಗರದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಆರು ವರ್ಷದಿಂದ ಎಳೆಯುತ್ತಿದ್ದೇನೆ. ಇನ್ನೊಂದು ಸೇರಿಸುತ್ತೇನೆ. ತೂಕ ಹಂಚುವ ಹಿಚ್ಚು ಹಾಕಿಸಿಕೊಳ್ಳಿ. ಅದಿಲ್ಲದೆ ಗಾಡಿಯ ಹಿಂಭಾಗ ಕುಗ್ಗಿ ಮುಂದಿನ ಚಕ್ರ ಹಗುರಾಗುತ್ತೆ, ಸ್ಟಿಯರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಟ್ರೇಲರ್ ತೂಗಾಡಲು ಶುರುವಾದರೆ ಗಾಡಿಯ ಬ್ರೇಕ್ ಗಟ್ಟಿಯಾಗಿ ಒತ್ತಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಡ್ರೈವರ್ ಹತ್ತಿರ ಇರುವ ಬ್ರೇಕ್ ಕಂಟ್ರೋಲರಿನ (ಟ್ರೇಲರಿನ ಬ್ರೇಕ್ ನಡೆಸುವ ಸಾಧನ) ಗುಂಡಿಯಿಂದ ಟ್ರೇಲರಿನ ಬ್ರೇಕ್ ಮಾತ್ರ ಕೈಯಲ್ಲಿ ಹಾಕಿ. ಹಿಂದಿನಿಂದ ಜಗ್ಗಿದಂತಾಗಿ ನೇರವಾಗುತ್ತದೆ. ಆ ಗುಂಡಿ ಎಲ್ಲಿದೆ ಅಂತ ಹೆಂಡತಿಗೂ ತೋರಿಸಿಕೊಡಿ. ಪಕ್ಕದಲ್ಲಿ ಕೂತವರ ಕೈಗೂ ಎಟುಕುತ್ತದೆ.

ಕೋಲಾರ ಟು ಕೊಲಂಬಸ್

ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿದ್ದದ್ದು ಹೇಳುತ್ತೇನೆ. ಟ್ರೇಲರ್ ದುಡ್ಡು, ಇನ್ಶೂರೆನ್ಸ್, ನಿಲ್ಲಿಸುವ ಜಾಗದ ಬಾಡಿಗೆ, ದುಪ್ಪಟ್ಟು ಪೆಟ್ರೋಲ್. ಅದೇ ದುಡ್ಡಿನಲ್ಲಿ ಕಾರಿನಲ್ಲಿ ಹೋಗಿ ಒಳ್ಳೆ ಹೋಟೆಲಿನಲ್ಲಿ ಉಳಿದರೆ ಈ ತೂಕ, ಬ್ರೇಕ್, ತೂಗಾಟ ಯಾವುದೂ ಇಲ್ಲ. ನಾವಿಬ್ಬರು ಹಾಗೇ ಹೋಗಿದ್ದೆವು. ಏಳು ದಿನದಲ್ಲಿ ಐದು ನ್ಯಾಷನಲ್ ಪಾರ್ಕ್ ನೋಡಿದೆವು.

ಸಾಗರದವಳು

ಬೇಜಾರು ಯಾಕೆ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ದುಡ್ಡು ಉಳಿಯುತ್ತೆ ಅಂತ ಯಾರಾದರೂ ಟ್ರೇಲರ್ ಕೊಳ್ಳುವುದಾದರೆ ಬೇಡ ಅಂತಲೇ ನಾನೂ ಹೇಳುತ್ತೇನೆ. ಎಳೆಯುವಾಗ ನಮಗೆ ಒಂದು ಗ್ಯಾಲನ್‌ಗೆ ಒಂಬತ್ತೂವರೆ ಮೈಲಿ ಬಂತು. ಬರೀ ಟ್ರಕ್ಕಾದರೆ 20 ಬರುತ್ತದೆ. ಕ್ಯಾಂಪಿನ ಬಾಡಿಗೆಯಲ್ಲಿ ಸ್ವಲ್ಪ ಉಳಿಯಿತು. ನಮ್ಮವರಿಗೆ 62 ದಾಟಿದ್ದರಿಂದ ಸೀನಿಯರ್ ಪಾಸ್ ಇದೆ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ 80 ಡಾಲರ್‌ಗೆ ಜೀವನಪರ್ಯಂತದ ಪಾಸ್ ಕೊಡುತ್ತಾರೆ. ಪಾರ್ಕಿನ ಪ್ರವೇಶ ಬಿಟ್ಟಿ. ಫೆಡರಲ್ ಕ್ಯಾಂಪುಗಳಲ್ಲಿ ಬಹಳ ಕಡೆ ಅರ್ಧ ಬಾಡಿಗೆ.

ಆದರೆ ಏಳು ದಿನದಲ್ಲಿ ಐದು ಪಾರ್ಕ್ ನಮಗೆ ಬೇಕಿರಲಿಲ್ಲ. ಇಪ್ಪತ್ತೈದು ವರ್ಷ ರಜೆ ಎಣಿಸಿಕೊಂಡು ಓಡಿದ್ದೇವೆ. ಗೆಳೆಯರ ಮನೆಗೆ ಹೋದರೂ ಒಂದು ರಾತ್ರಿ ಇದ್ದು ಬೆಳಿಗ್ಗೆ ಹೊರಡುವುದು. ಜಾಸ್ತಿ ದಿನ ಉಳಿದರೆ ಅವರಿಗೆ ತೊಂದರೆ ಅಂತ ಅನ್ನಿಸುವುದು. ನಮ್ಮ ಮನೆ ನಮ್ಮ ಜೊತೆಗೇ ಬಂದರೆ ಏನಾಗುತ್ತದೆ ಅಂತ ನೋಡಬೇಕಿತ್ತು. ಫೀನಿಕ್ಸ್ ವಿಷಯಕ್ಕೆ ಬಂದಾಗ ಹೇಳುತ್ತೇನೆ, ನನಗೆ ಮುಖ್ಯವಾದದ್ದು ಅದೇ.

ಈಗ ಟೈರಿನ ಕಥೆ. ಐ-40 ಹೆದ್ದಾರಿಯಲ್ಲಿ ನ್ಯೂ ಮೆಕ್ಸಿಕೊದ ಟುಕುಮ್‌ಕಾರಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಪಕ್ಕದಲ್ಲಿ ಹೋದ ಲಾರಿಯವರು ಹಾರ್ನ್ ಹೊಡೆದು ಕೈ ಹಿಂದಕ್ಕೆ ತೋರಿಸಿದರು. ಕನ್ನಡಿಯಲ್ಲಿ ನೋಡಿದರೆ ಟ್ರೇಲರಿನ ಬಲ ಹಿಂದಿನ ಚಕ್ರದಿಂದ ಕಪ್ಪು ಚೂರುಗಳು ಹಾರುತ್ತಿವೆ. ಟ್ರಕ್ಕಿನ ಒಳಗೆ ಕೂತ ನಮಗೆ ಏನೂ ಗೊತ್ತಾಗಿರಲಿಲ್ಲ. ಎರಡು ಆಕ್ಸಲ್ ಇದ್ದದ್ದರಿಂದ ಇನ್ನೊಂದು ಚಕ್ರ ಭಾರ ಹೊತ್ತಿತ್ತು. ನಿಲ್ಲಿಸಿ ಇಳಿದು ನೋಡಿದರೆ ಟೈರಿನ ಮೇಲ್ಪದರ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಜೋತಾಡುತ್ತಿತ್ತು. ಚಕ್ರದ ಮೇಲಿನ ತಗಡು ಹರಿದು ಬಾಗಿತ್ತು.

ಟೈರಿನ ಗೆರೆಗಳು ಹೊಸದರ ಹಾಗೇ ಇದ್ದವು. ನಮಗೆ ಮಾರಿದವರು "ಟೈರ್ ಹೊಸದು" ಅಂದಿದ್ದರು, ನಾವು ನಂಬಿದ್ದೆವು. ಟೈರಿನ ಪಕ್ಕದಲ್ಲಿ DOT ಅನ್ನುವ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ನಮ್ಮದರಲ್ಲಿ 2316 ಅಂತ ಇತ್ತು. 2016ರ 23ನೇ ವಾರ! ಟ್ರೇಲರ್ ಟೈರು ಸವೆಯುವುದಕ್ಕಿಂತ ಮೊದಲು ಮುಪ್ಪಾಗುತ್ತದೆ. ಬಿಸಿಲಲ್ಲಿ ತಿಂಗಳುಗಟ್ಟಲೆ ನಿಂತೇ ಇರುತ್ತದಲ್ಲ, ರಬ್ಬರ್ ಒಣಗಿ ಒಳಗೇ ಬಿಟ್ಟುಕೊಳ್ಳುತ್ತದೆ. ಆರು ವರ್ಷ ಆಯಿತೋ, ಗೆರೆ ಎಷ್ಟೇ ಇರಲಿ, ತೆಗೆದುಬಿಡಿ.

ಟ್ರಕ್ಕಿನ ಜಾಕ್ ಟ್ರೇಲರಿಗೆ ಹೊಂದಲಿಲ್ಲ. ಆಗ ಉಪಾಯ ಹೊಳೆದದ್ದು ನಮ್ಮವರಿಗೆ. ನೆಲ ಸಮ ಮಾಡಲು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಹಲಗೆಗಳನ್ನು ಒಳ್ಳೆಯ ಚಕ್ರದ ಮುಂದೆ ಇಳಿಜಾರಾಗಿ ಜೋಡಿಸಿದರು. ಚಕ್ರದ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಟ್ರಕ್ಕನ್ನು ನಿಧಾನಕ್ಕೆ ಮುಂದೆ ತೆಗೆದರು. ಒಳ್ಳೆಯ ಚಕ್ರ ಹಲಗೆ ಹತ್ತಿತು, ಕೆಟ್ಟ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಎದುರು ಬದಿಯ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಸ್ಟೆಪ್ನಿ ಹಾಕಿದೆವು. ಮುಕ್ಕಾಲು ಗಂಟೆ ಹಿಡಿಯಿತು. ನಾನು ಹಿಂದೆ ದೂರದಲ್ಲಿ ನಿಂತು ಬರುವ ಗಾಡಿಗಳನ್ನು ನೋಡುತ್ತಿದ್ದೆ. 50 ಮೈಲಿ ಆದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಬೇಕು, ಇದನ್ನು ಮರೆಯಬೇಡಿ.

ಆ ರಾತ್ರಿ ಸಾಂತಾ ರೋಸಾದಲ್ಲೇ ನಿಂತೆವು. ಊರ ನಡುವೆ ಬ್ಲೂ ಹೋಲ್ ಅಂತ ಒಂದು ನೀರಿನ ಬಾವಿ ಇದೆ, 81 ಅಡಿ ಆಳ. ತಳದ ತನಕ ತಿಳಿನೀಲಿ. ಅದರ ದಂಡೆಯಲ್ಲಿ ಕೂತ ಮೇಲೆ ನನ್ನ ಎದೆ ಬಡಿತ ಹದಕ್ಕೆ ಬಂತು. ಮರುದಿನ ಆಲ್ಬುಕರ್ಕಿಯಲ್ಲಿ ನಾಲ್ಕೂ ಟೈರು ಹೊಸದು ಹಾಕಿಸಿದೆವು.

ಹುಬ್ಬಳ್ಳಿ ಹುಡುಗಿ

ಅಕ್ಕಾವ್ರೇ, ಅಡುಗೆ ಹೆಂಗೆ ಮಾಡಿದ್ರಿ? ಅಷ್ಟು ಸಣ್ಣ ಜಾಗದಲ್ಲಿ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಹೊಡಕೊಳ್ಳುವುದಿಲ್ಲವಾ?

ಸಾಗರದವಳು

ಹೊಡೆದುಕೊಳ್ಳುತ್ತದೆ! ಮೊದಲ ದಿನವೇ ಸಾಸಿವೆ ಸಿಡಿದದ್ದೇ ತಡ, ಕೂಗಿಕೊಂಡಿತು. ಆಮೇಲೆ ಹೊರಗೆ ಮೇಜಿನ ಮೇಲೆ ಒಂಟಿ ಒಲೆ ಇಟ್ಟು ಅಲ್ಲೇ ಒಗ್ಗರಣೆ. ಕುಕ್ಕರ್ ಮಾತ್ರ ಬೇಕೇ ಬೇಕು. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚು ಸುಮಾರು 7,000 ಅಡಿ ಎತ್ತರ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಒಂದೂವರೆ ಗಂಟೆ ಕುದಿಸಿದರೂ ಕಾಳು ಕಾಳಾಗಿಯೇ ಇತ್ತು. ಕುಕ್ಕರಿನಲ್ಲಿ ನಾಲ್ಕು ಕೂಗು ಜಾಸ್ತಿ ಕೂಗಿಸಿದೆ, ಬೆಂದಿತು.

ದೋಸೆ ಹಿಟ್ಟಿನ ಡಬ್ಬ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ದಾರಿಯ ಕುಲುಕಾಟಕ್ಕೆ ಉಕ್ಕಿ ಫ್ರಿಜ್ಜೆಲ್ಲಾ ಹಿಟ್ಟಾಗುತ್ತದೆ. ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಸಾರಿನ ಎಣ್ಣೆ, ಅರಿಸಿನ ಬಚ್ಚಲ ನೀರಿನ ಟ್ಯಾಂಕಿಗೆ ಹೋದರೆ ಎರಡು ದಿನದಲ್ಲಿ ನಾತ ಶುರು.

ನಂಜನಗೂಡು ಅಜ್ಜ

ತಾಯಿ, ನಾನು ಮಗನ ಮನೆಗೆ ಬಂದು ಆರು ತಿಂಗಳಾಯಿತು. ನನಗೆ 74. ನನ್ನವಳಿಗೆ 70, ಮಂಡಿನೋವು. ಮಗ ಟ್ರೇಲರ್ ಬಾಡಿಗೆಗೆ ತಗೊಂಡು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ನಮ್ಮಂಥವರಿಗೆ ಆಗುತ್ತದೆಯೇ? ಶೌಚಾಲಯದ ವ್ಯವಸ್ಥೆ ಹೇಗೆ?

ಸಾಗರದವಳು

ಖಂಡಿತ ಆಗುತ್ತೆ ಮಾವಯ್ಯ. ವಯಸ್ಸಾದವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ ಅನ್ನಿಸುತ್ತದೆ ನನಗೆ. ದಾರಿಯಲ್ಲಿ ಎಲ್ಲಿ ನಿಂತರೂ ನಿಮ್ಮದೇ ಬಚ್ಚಲು, ನಿಮ್ಮದೇ ಹಾಸಿಗೆ. ಅಮ್ಮನವರು ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಬಹುದು. ಆದರೆ ಗಾಡಿ ಓಡುವಾಗ ಯಾರೂ ಟ್ರೇಲರ್ ಒಳಗೆ ಕೂರಬಾರದು. ಟ್ರಕ್ಕಿನಲ್ಲೇ ಬೆಲ್ಟ್ ಹಾಕಿ ಕೂರಬೇಕು. ಇನ್ನು ಟ್ರೇಲರಿನ ಮೆಟ್ಟಿಲು ಕಡಿದಾಗಿರುತ್ತದೆ. ಒಂದು ಗಟ್ಟಿಯಾದ ಅಡ್ಡ ಮಣೆ, ಪಕ್ಕದಲ್ಲಿ ಹಿಡಿ ಇರುವಂಥದ್ದು, ಮಗನಿಗೆ ತರಲು ಹೇಳಿ.

ಶೌಚಾಲಯದ ನೀರು ಒಂದು ಟ್ಯಾಂಕಿಗೆ, ಸ್ನಾನ ಮತ್ತು ಪಾತ್ರೆಯ ನೀರು ಇನ್ನೊಂದು ಟ್ಯಾಂಕಿಗೆ ಹೋಗುತ್ತವೆ. ಮೂರು ನಾಲ್ಕು ದಿನಕ್ಕೊಮ್ಮೆ ಡಂಪ್ ಸ್ಟೇಷನ್ನಿನಲ್ಲಿ ಕೊಳವೆ ಜೋಡಿಸಿ ಖಾಲಿ ಮಾಡಬೇಕು. ಮೊದಲು ಶೌಚದ್ದು, ಆಮೇಲೆ ಬಚ್ಚಲಿನದು. ಆಗ ಸೋಪಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಇದು ಮಗನ ಕೆಲಸ, ನೀವು ಯೋಚನೆ ಮಾಡಬೇಡಿ. ಹೋಗಿ ಬನ್ನಿ.

ಸಾಗರದವಳು

ಆಲ್ಬುಕರ್ಕಿ. ಅಲ್ಲಿರುವುದು ನಮ್ಮವರ ಮೈಸೂರಿನ ಕಾಲೇಜು ಗೆಳೆಯ, ಹಾಸ್ಟೆಲಿನ ಒಂದೇ ಕೋಣೆಯವರು. ಅವರ ಮನೆ ಮುಂದಿನ ಕಾಂಕ್ರೀಟ್ ಅಂಗಳ ಉದ್ದ ಇದೆ, ಹಿಂದಕ್ಕೆ ತೆಗೆದು ಒಳಗೆ ನಿಲ್ಲಿಸಬೇಕಿತ್ತು.

ಹಿಂದಕ್ಕೆ ತೆಗೆಯುವುದರಲ್ಲೇ ಗಂಡ ಹೆಂಡತಿ ಜಗಳ ಆಗುವುದು. ನಾನು ಟ್ರೇಲರಿನ ಹಿಂದೆ ನಿಂತು "ಎಡಕ್ಕೆ" ಅಂದರೆ ಅವರಿಗೆ ಅದು ಯಾರ ಎಡ? ಸ್ಟಿಯರಿಂಗ್ ತಿರುಗಿಸಿದ ಕಡೆಗೆ ಟ್ರೇಲರ್ ಹೋಗುವುದಿಲ್ಲ, ಉಲ್ಟಾ ಹೋಗುತ್ತದೆ. ನಾವು ಕಂಡುಕೊಂಡದ್ದು ಇಷ್ಟು. ಎಡ ಬಲ ಬಿಟ್ಟು "ಗೇಟಿನ ಕಡೆ", "ಮರದ ಕಡೆ" ಅನ್ನಬೇಕು. ಕೈಸನ್ನೆ ಬೇಡ, ಫೋನ್ ಸ್ಪೀಕರಿನಲ್ಲಿ ಮಾತಾಡಬೇಕು. ಓಡಿಸುವವರು ಸ್ಟಿಯರಿಂಗಿನ ಕೆಳಭಾಗದಲ್ಲಿ ಕೈ ಇಡಬೇಕು. ಆಗ ಕೈ ಯಾವ ಕಡೆ ಹೋಗುತ್ತದೋ ಟ್ರೇಲರಿನ ಹಿಂಭಾಗ ಆ ಕಡೆಗೇ ಹೋಗುತ್ತದೆ. ಅನುಮಾನ ಬಂದರೆ ನಿಲ್ಲಿಸಿ ಇಳಿದು ನೋಡಬೇಕು. ಈಗ ನಾನೂ ಹಿಂದಕ್ಕೆ ತೆಗೆಯುತ್ತೇನೆ. ಖಾಲಿ ಪಾರ್ಕಿಂಗಿನಲ್ಲಿ ಎರಡು ಭಾನುವಾರ ಅಭ್ಯಾಸ ಮಾಡಿದೆ, ಅಷ್ಟೇ.

ನಾವು ಹೋದದ್ದು ನವರಾತ್ರಿಯಲ್ಲಿ. ಅವರ ಮನೆಯಲ್ಲಿ ಐದು ಮೆಟ್ಟಿಲ ಬೊಂಬೆ ಕೂರಿಸಿದ್ದರು. ಚನ್ನಪಟ್ಟಣದ ಬೊಂಬೆಗಳ ಪಕ್ಕದಲ್ಲಿ ಅಲ್ಲಿನ ಮೂಲನಿವಾಸಿ ಪ್ಯೂಬ್ಲೊ ಜನ ಮಾಡುವ ಮಣ್ಣಿನ ಮಡಕೆಗಳು. ಆಯುಧಪೂಜೆ ದಿನ ಟ್ರಕ್ಕಿಗೂ ಟ್ರೇಲರಿಗೂ ತೊಳೆದು ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದೆವು. ಹಿಚ್ಚಿನ ಗುಂಡಿಗೂ ಒಂದು ಬೊಟ್ಟು ಇಟ್ಟೆ. ಟ್ರಕ್ಕಿನ ನಾಲ್ಕು, ಟ್ರೇಲರಿನ ನಾಲ್ಕು, ಎಂಟು ಚಕ್ರಕ್ಕೆ ಎಂಟು ನಿಂಬೆಹಣ್ಣು. ಪಕ್ಕದ ಮನೆಯ ಅಜ್ಜಿ ಬಂದು ಏನಿದು ಅಂತ ಕೇಳಿದರು. ನಮ್ಮನ್ನು ಹೊತ್ತು ತಂದದ್ದಕ್ಕೆ ನಮಸ್ಕಾರ ಹೇಳುತ್ತಿದ್ದೇವೆ ಅಂದೆ. ಅವರು ಮನೆಗೆ ಹೋಗಿ ತಮ್ಮ ಕಾರಿನ ಬೀಗದ ಕೈ ತಂದು ಪೂಜೆಗೆ ಇಟ್ಟರು.

ಅದೇ ಹೊತ್ತಿಗೆ ಆ ಊರಿನಲ್ಲಿ ಬಲೂನು ಹಬ್ಬ. 1972ರಲ್ಲಿ ಒಂದು ಶಾಪಿಂಗ್ ಮಾಲಿನ ಪಾರ್ಕಿಂಗಿನಲ್ಲಿ 13 ಬಲೂನಿನಿಂದ ಶುರುವಾದದ್ದು, ಈಗ 500ಕ್ಕೂ ಜಾಸ್ತಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋದೆವು. ಮೈ ನಡುಗುವ ಚಳಿ. ಬಲೂನುಗಳ ನಡುವೆಯೇ ಓಡಾಡಲು ಬಿಡುತ್ತಾರೆ. ನಮ್ಮ ಹತ್ತು ಅಡಿ ಮುಂದೆ ಒಂದು ದೊಡ್ಡ ಬಲೂನು ನೆಲದಲ್ಲಿ ಮಲಗಿತ್ತು. ಫ್ಯಾನಿನಿಂದ ಗಾಳಿ ತುಂಬಿ, ಆಮೇಲೆ ಬೆಂಕಿ ಬಿಟ್ಟರು. ಬೆಂಕಿಯ ಬಿಸಿ ಮುಖಕ್ಕೆ ತಾಗಿತು. ಬಟ್ಟೆ ಉಸಿರು ತಗೊಂಡ ಹಾಗೆ ಎದ್ದು ನಿಂತಿತು.

ಗೆಳೆಯರು ಒಂದು ವಿಷಯ ಹೇಳಿದರು. ಆ ಕಣಿವೆಯಲ್ಲಿ ಬೆಳಗಿನ ಜಾವ ತಣ್ಣನೆಯ ಗಾಳಿ ನೆಲಕ್ಕೆ ಹತ್ತಿರ ದಕ್ಷಿಣದ ಕಡೆ ಹರಿಯುತ್ತದೆ. ಸ್ವಲ್ಪ ಮೇಲೆ ಹೋದರೆ ಗಾಳಿ ಉತ್ತರದ ಕಡೆ. ಇದಕ್ಕೆ ಅಲ್ಲಿ ಬಾಕ್ಸ್ ಅನ್ನುತ್ತಾರೆ. ಕೆಳಗಿದ್ದು ದಕ್ಷಿಣಕ್ಕೆ ಹೋಗಿ, ಮೇಲೇರಿ ಉತ್ತರಕ್ಕೆ ತೇಲಿ, ಹೊರಟ ಜಾಗದ ಹತ್ತಿರವೇ ಬಂದು ಇಳಿಯಬಹುದು. ಬಲೂನು ಹಬ್ಬಕ್ಕೆ ಆ ಊರು ಹೇಳಿ ಮಾಡಿಸಿದ ಹಾಗಿದೆ. ಒಂದು ಹಳದಿ ಬಲೂನು ಹೋದದ್ದನ್ನು ನೋಡಿದ್ದೆ, ಅದೇ ನಮ್ಮ ತಲೆಯ ಮೇಲೆ ವಾಪಸ್ಸು ಬಂತು.

ಒಂದು ರಾತ್ರಿ ಅಂತ ಹೋದವರು ಐದು ರಾತ್ರಿ ಇದ್ದೆವು. ರಾತ್ರಿ ಗಂಡಸರಿಬ್ಬರೂ ಟ್ರೇಲರಿನಲ್ಲಿ ಕೂತು ಹಾಸ್ಟೆಲಿನ ಕಥೆ ಹೇಳಿಕೊಂಡರು. ನಾವು ಹೆಂಗಸರು ಅವರ ಅಡುಗೆಮನೆಯಲ್ಲಿ. ಯಾರಿಗೂ ಯಾರೂ ಭಾರ ಅನ್ನಿಸಲಿಲ್ಲ.

ಟೊರಾಂಟೊ ಕನ್ನಡಿಗ

ಹಿಚ್ಚಿಗೆ ಬೊಟ್ಟು ಇಟ್ಟದ್ದು ಓದಿ ಕಣ್ಣು ತುಂಬಿತು. ನಮ್ಮ ಅಪ್ಪ ಹೀಗೇ ಟ್ರ್ಯಾಕ್ಟರಿನ ಕೊಂಡಿಗೆ ಇಡುತ್ತಿದ್ದರು. ಮುಂದೆ ಬರೆಯಿರಿ.

ಬೆಣ್ಣೆದೋಸೆ

ಗ್ರ್ಯಾಂಡ್ ಕ್ಯಾನ್ಯನ್ ಒಳಗೇ ಟ್ರೇಲರ್ ನಿಲ್ಲಿಸಬಹುದಾ? ಹೊರಗಿನ ಊರಿನಲ್ಲಿ ನಿಲ್ಲಿಸಬೇಕಾ?

ಸಾಗರದವಳು

ಒಳಗೇ ನಿಲ್ಲಿಸಬಹುದು. ದಕ್ಷಿಣ ಅಂಚಿನಲ್ಲಿ ಟ್ರೇಲರ್ ವಿಲೇಜ್ ಅಂತ ಇದೆ. ನೀರು, ಕರೆಂಟು, ಕೊಳಚೆ ಕೊಳವೆ ಮೂರೂ ಸಿಗುತ್ತದೆ. ಪಕ್ಕದ ಮ್ಯಾಥರ್ ಕ್ಯಾಂಪ್ ಅಗ್ಗ, ಆದರೆ ಅಲ್ಲಿ ಇದ್ಯಾವುದನ್ನೂ ಗಾಡಿಗೆ ಜೋಡಿಸಿಕೊಳ್ಳಲಾಗುವುದಿಲ್ಲ, 30 ಅಡಿಗಿಂತ ಉದ್ದದ ಗಾಡಿ ಹಿಡಿಸುವುದೂ ಇಲ್ಲ. ತಿಂಗಳುಗಟ್ಟಲೆ ಮುಂಚೆ ಜಾಗ ಕಾದಿರಿಸಬೇಕು.

ಅಲ್ಲಿಗೆ ಹೋಗುವ ದಾರಿಯಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಬಿಡಬೇಡಿ. 20 ಕೋಟಿ ವರ್ಷಕ್ಕೂ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಹತ್ತಿರ ಹೋಗಿ ನೋಡಿದೆ. ತೊಗಟೆಯ ಗೆರೆ ಹಾಗೇ ಇದೆ, ಕತ್ತರಿಸಿದ ಮುಖದಲ್ಲಿ ಮಾತ್ರ ಕೆಂಪು, ನೇರಳೆ, ಬಿಳಿ ಹರಳು. ಒಂದು ಚೂರೂ ತಗೊಂಡು ಹೋಗುವ ಹಾಗಿಲ್ಲ. ಹಿಂದೆ ತಗೊಂಡು ಹೋದವರು ಎಷ್ಟೋ ಜನ ಕ್ಷಮೆ ಕೇಳಿ ಪತ್ರ ಬರೆದು ಕಲ್ಲು ವಾಪಸ್ಸು ಕಳಿಸಿದ್ದಾರಂತೆ. ಹಳೆಯ ರೂಟ್ 66 ಹೆದ್ದಾರಿ ಹಾದುಹೋಗುತ್ತಿದ್ದ ಜಾಗದಲ್ಲಿ 1932ರ ಒಂದು ಸ್ಟುಡಿಬೇಕರ್ ಕಾರಿನ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ತಂತಿಯಿಲ್ಲದ ಟೆಲಿಫೋನ್ ಕಂಬಗಳ ಸಾಲು, ರಸ್ತೆ ಮಾತ್ರ ಇಲ್ಲ.

ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆ ಎಲ್ಲರೂ ಬರೆದಿದ್ದಾರೆ. 277 ಮೈಲಿ ಉದ್ದ, ಒಂದು ಮೈಲಿ ಆಳ. ನಾನು ಹೇಳುವುದು ಒಂದೇ. ನಾವು ನಾಲ್ಕು ದಿನ ಇದ್ದೆವು. ಮೊದಲ ದಿನ ಚಿತ್ರಪಟದ ಹಾಗೆ ಕಂಡಿತು, ಮನಸ್ಸಿಗೆ ಇಳಿಯಲಿಲ್ಲ. ಮೂರನೇ ದಿನ ಸಂಜೆ, ನಮ್ಮ ಟ್ರೇಲರಿನಿಂದ ನಡೆದೇ ಹೋಗಿ ಅಂಚಿನಲ್ಲಿ ಕೂತಿದ್ದೆವು. ಮೋಡದ ನೆರಳೊಂದು ಕಣಿವೆಯ ಆ ಗೋಡೆಯಿಂದ ಈ ಗೋಡೆಗೆ ಬರಲು ಎಷ್ಟು ಹೊತ್ತು ತಗೊಳ್ಳುತ್ತದೆ ಅಂತ ನೋಡುತ್ತಿದ್ದೆ. ಅದು ಬಂದು ಮುಟ್ಟುವಷ್ಟರಲ್ಲಿ ನಮ್ಮವರ ಕಾಫಿ ಆರಿಹೋಗಿತ್ತು. ಆಗ ಆ ಜಾಗದ ಅಳತೆ ನನ್ನ ತಲೆಗೆ ಹತ್ತಿತು.

ಕ್ಯಾಂಪಿನಲ್ಲಿ ಎಲ್ಕ್ ಬರುತ್ತವೆ. ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಚೆಂದ ಅಂತ ಹತ್ತಿರ ಹೋಗಬೇಡಿ, ಕನಿಷ್ಠ 100 ಅಡಿ ದೂರ ಇರಿ.

ಅರಿಜೋನಾ–ಯೂಟಾ ಗಡಿಯ ಹತ್ತಿರದ ಪೇಜ್ ಊರಿನ ಸುತ್ತ ಗಡಿಯಾರದ ಗೊಂದಲ ಇದೆ. ಅರಿಜೋನಾದಲ್ಲಿ ಬೇಸಿಗೆ ಸಮಯ, ಅಂದರೆ ಗಡಿಯಾರ ಒಂದು ಗಂಟೆ ಮುಂದಿಡುವುದನ್ನು, ಪಾಲಿಸುವುದಿಲ್ಲ. ಅದರೊಳಗಿನ ನವಾಹೊ ಮೂಲನಿವಾಸಿಗಳ ಸೀಮೆಯಲ್ಲಿ ಪಾಲಿಸುತ್ತಾರೆ. ಯೂಟಾದಲ್ಲೂ ಪಾಲಿಸುತ್ತಾರೆ. ನಮ್ಮ ಫೋನು ಒಂದೇ ಬೆಳಿಗ್ಗೆ ಮೂರು ಸಲ ಗಂಟೆ ಬದಲಾಯಿಸಿತು. ಅಲ್ಲಿ ಏನಾದರೂ ನೋಡಲು ಟಿಕೆಟ್ ತಗೊಂಡವರು ಯಾರ ಸಮಯ ಅಂತ ಮೊದಲೇ ಕೇಳಿಕೊಳ್ಳಿ, ಕೈಗಡಿಯಾರ ಕಟ್ಟಿಕೊಳ್ಳಿ.

ಯೂಟಾದ ಝಯನ್ ನ್ಯಾಷನಲ್ ಪಾರ್ಕಿಗೆ ಪೂರ್ವದ ಬಾಗಿಲಿನಿಂದ ಹೋದರೆ 1930ರಲ್ಲಿ ತೆರೆದ 1.1 ಮೈಲಿ ಸುರಂಗ ದಾಟಬೇಕು. ಅದನ್ನು ಆಗಿನ ಸಣ್ಣ ಕಾರುಗಳಿಗೆ ಕೊರೆದದ್ದು. ನಾವು ಟ್ರೇಲರನ್ನು ಕಾನಾಬ್ ಊರಿನ ಕ್ಯಾಂಪಿನಲ್ಲೇ ಬಿಟ್ಟು ಟ್ರಕ್ಕಿನಲ್ಲಿ ಹೋಗಿ ಬಂದೆವು. ಬ್ರೈಸ್ ಪಾರ್ಕಿಗೂ ಹಾಗೇ. ಬಿಚ್ಚಿ ಬಿಡುವ ಅನುಕೂಲ ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು.

ಸಾಗರದವಳು

ಫೀನಿಕ್ಸ್ ಬರೆಯುತ್ತೇನೆ ಅಂದಿದ್ದೆ. ಎರಡು ದಿನ ತಡವಾಯಿತು, ಬರೆಯಲು ಕೂತರೆ ಮನಸ್ಸು ತುಂಬಿ ಬರುತ್ತಿತ್ತು.

ಅಲ್ಲಿರುವುದು ನನ್ನ ಬಾಲ್ಯದ ಗೆಳತಿ. ಸಾಗರದಲ್ಲಿ ಒಂದೇ ಕೇರಿ, ಒಂದೇ ಬೆಂಚು. ಎರಡು ವರ್ಷದ ಹಿಂದೆ ಅವಳ ಯಜಮಾನರು ತೀರಿಕೊಂಡರು. ಆಗ ನಾನು ವಿಮಾನದಲ್ಲಿ ಹೋಗಿ ಮೂರು ದಿನ ಇದ್ದೆ. ಆ ಮೂರು ದಿನವೂ ಅವಳು ನನಗೆ ಅಡುಗೆ ಮಾಡಿದಳು, ಹಾಸಿಗೆ ಹಾಸಿದಳು. ಕೂರು ಅಂದರೂ ಕೂರಲಿಲ್ಲ. ಸಮಾಧಾನ ಹೇಳಲು ಹೋದವಳು ಅವಳ ಕೈಯಲ್ಲಿ ಕೆಲಸ ಮಾಡಿಸಿಕೊಂಡು ಬಂದೆ. ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಫ್ಲ್ಯಾಗ್‌ಸ್ಟಾಫ್‌ನಿಂದ ಐ-17ರಲ್ಲಿ 7,000 ಅಡಿಯಿಂದ 1,100 ಅಡಿಗೆ ಇಳಿದೆವು. ಅವಳ ಮನೆ ಮುಂದೆ ಟ್ರೇಲರ್ ನಿಲ್ಲಿಸಿದ ಮರುದಿನವೇ ಬಡಾವಣೆ ಸಂಘದವರ ಚೀಟಿ ಬಾಗಿಲಿಗೆ. 24 ಗಂಟೆಗಿಂತ ಜಾಸ್ತಿ ನಿಲ್ಲಿಸುವಂತಿಲ್ಲ ಅಂತ. ಸಂಘ ಇರುವ ಕಡೆ ಹೋಗುವವರು ಮೊದಲೇ ಕೇಳಿಕೊಳ್ಳಿ. ನಮಗೆ ಪೆಚ್ಚಾಯಿತು. ಮೇಸಾ ಊರಿನಾಚೆ ಉಸರಿ ಮೌಂಟನ್ ಅಂತ ಕೌಂಟಿಯ ಪಾರ್ಕ್ ಇದೆ. ನೀರು, ಕರೆಂಟು ಕೊಡುತ್ತಾರೆ. ಅಲ್ಲಿಗೆ ಹೊರಟೆವು. ಹೊರಡುವಾಗ ಅವಳನ್ನು ಕೇಳಿದೆ, "ನೀನೂ ಬಾರೇ, ಎರಡು ರಾತ್ರಿ ನಮ್ಮನೇಲಿ ಇರು."

ಅವಳು ಒಂದು ಚೀಲ ತಗೊಂಡು ಬಂದಳು. ಊಟದ ಮೇಜನ್ನು ಮಡಚಿದರೆ ಅದೇ ಹಾಸಿಗೆ. ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗ ಇಲ್ಲ. ಎದ್ದು ಬಂದರೆ "ಕೂರೇ, ಜಾಗ ಇಲ್ಲ" ಅಂದೆ. ಕೂತಳು. ನಾನು ಅಪ್ಪೆಮಿಡಿ ಉಪ್ಪಿನಕಾಯಿ ಇಟ್ಟು ಗಂಜಿ ಬಡಿಸಿದೆ. ಹೊರಗೆ ಬಟ್ಟೆಯ ಚಪ್ಪರದ ಕೆಳಗೆ ಮೂರು ಕುರ್ಚಿ. ಸುತ್ತ ಆಳೆತ್ತರದ ಸಗುವಾರೊ ಕಳ್ಳಿಗಳು. ಬಿಸಿಲಿಳಿದ ಮೇಲೆ ಮರಳುಗಾಡಿಗೆ ಒಂದು ವಾಸನೆ ಇರುತ್ತದೆ, ಕಾದ ಕಲ್ಲು ತಣ್ಣಗಾಗುವ ವಾಸನೆ. ನಮ್ಮವರು ಬೇಗ ಮಲಗಿದರು. ನಾವಿಬ್ಬರು ಒಂದೂವರೆವರೆಗೆ ಕೂತಿದ್ದೆವು. ಆಸ್ಪತ್ರೆಯ ಕೊನೆಯ ವಾರದ ಬಗ್ಗೆ ಅವಳು ನನಗೆ ಮೊದಲ ಸಲ ಹೇಳಿದಳು. ತನ್ನ ಮನೆಯಲ್ಲಿ ಹೇಳಲು ಆಗದೇ ಇದ್ದದ್ದು.

ಎರಡು ರಾತ್ರಿ ಅಂದವಳು ನಾಲ್ಕು ರಾತ್ರಿ ಇದ್ದಳು. ಕೊನೆಯ ದಿನ ಅವಳಿಗೆ ಟ್ರೇಲರ್ ಕೊಂಡಿ ಹಾಕುವುದನ್ನು ಕಲಿಸಿದೆವು. ಸರಪಳಿ ಎರಡನ್ನೂ ಅಡ್ಡಡ್ಡ ಹಾಕುವುದು, ಪಿನ್ ಸಿಕ್ಕಿಸುವುದು, ಬ್ರೇಕ್ ದೀಪ ನೋಡುವುದು. ಮಾರ್ಚಿನಲ್ಲಿ ನಮ್ಮ ಜೊತೆ ಬರುತ್ತಾಳಂತೆ.

ಕೋಲಾರದವರೇ, ಹೋಟೆಲಿನಲ್ಲಿ ಉಳಿಯಬಹುದಲ್ಲ ಅಂದಿದ್ದಿರಿ, ಅದಕ್ಕೆ ನನ್ನ ಉತ್ತರ ಇದು.

ಕೋಲಾರ ಟು ಕೊಲಂಬಸ್

ಅರ್ಥವಾಯಿತು ಅಮ್ಮ. ನನ್ನ ಅಣ್ಣ ಇಂಡಿಯಾನಾದಲ್ಲಿದ್ದಾನೆ. ಹೋಗಿ ಮೂರು ವರ್ಷ ಆಯಿತು.

ತುಂಗೆಯ ತೀರ

ವಾಪಸ್ಸು ಯಾವ ದಾರಿ ಬಂದಿರಿ? ಐ-10ರಲ್ಲಿ ಧೂಳು ಸಿಕ್ಕಿತಾ?

ಸಾಗರದವಳು

ಐ-10ರಲ್ಲೇ ಬಂದದ್ದು. ಲಾರ್ಡ್ಸ್‌ಬರ್ಗ್ ಹತ್ತಿರ ಗಾಳಿ ಎದ್ದಿತು. ನಾವು ಮೊದಲೇ ರಸ್ತೆ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ನಿಂತುಬಿಟ್ಟೆವು. ಧೂಳಿನಲ್ಲಿ ಸಿಕ್ಕಿಕೊಂಡರೆ ರಸ್ತೆಯಿಂದ ಪೂರ್ತಿ ಹೊರಗೆ ತೆಗೆದು, ದೀಪ ಎಲ್ಲಾ ಆರಿಸಿ, ಬ್ರೇಕ್ ಮೇಲಿನ ಕಾಲೂ ತೆಗೆಯಬೇಕು ಅಂತ ಅಲ್ಲಿ ಹೇಳುತ್ತಾರೆ. ದೀಪ ಉರಿಯುತ್ತಿದ್ದರೆ ಅದೇ ರಸ್ತೆ ಅಂದುಕೊಂಡು ಹಿಂದಿನವರು ಬಂದು ಗುದ್ದುತ್ತಾರೆ. ಆಮೇಲೆ ವೈಟ್ ಸ್ಯಾಂಡ್ಸ್, ಎಲ್ ಪಾಸೊ, ಕಾರ್ಲ್ಸ್‌ಬ್ಯಾಡ್ ಗುಹೆ. ಗುಹೆಗೆ 750 ಅಡಿ ಕೆಳಗೆ ಲಿಫ್ಟಿನಲ್ಲೇ ಇಳಿಯಬಹುದು. ನಂಜನಗೂಡಿನ ಮಾವಯ್ಯ, ಅಮ್ಮನವರ ಮಂಡಿಗೆ ತೊಂದರೆ ಇಲ್ಲ, ನೋಡಿ ಬನ್ನಿ.

ಟೊರಾಂಟೊ ಕನ್ನಡಿಗ

ಇದನ್ನು ಓದಿ ಈಗ ತಾನೇ ಟಾರ್ಚ್ ಹಿಡಿದು ಹೊರಗೆ ಹೋಗಿ ನಮ್ಮ ಟ್ರೇಲರಿನ ಟೈರು ನೋಡಿ ಬಂದೆ. ಮೂರರಲ್ಲಿ 4121. ನಾಲ್ಕನೆಯದರಲ್ಲಿ 1915. ನಾಳೆ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಹೋಗುತ್ತೇನೆ.